ದಂಡೆ ನನ್ನದು, ನೀರು ಬಸ್ತ್ಯಾಂವ್ ಅವರದು

ನಿವೃತ್ತಿಗೆ ಎರಡು ವರ್ಷ ಬಾಕಿ ಇರುವಾಗ ನಾನು ಇನ್‌ಸ್ಪೆಕ್ಟರ್ ಆಗಿ ದಾಂಡೇಲಿಗೆ ಬಂದೆ. ಅದಕ್ಕೂ ಮೊದಲು ಮೂರು ವರ್ಷ ಕರಾವಳಿಯ ಒಂದು ನಗರದ ಪೊಲೀಸ್ ಕಂಟ್ರೋಲ್ ರೂಮಿನಲ್ಲಿದ್ದೆ. ಅಲ್ಲಿ ನಗರದ ನೆಲವನ್ನು ಉಪವಿಭಾಗಗಳಾಗಿ ಹಂಚಿ ಒಂದೊಂದಕ್ಕೂ ಒಬ್ಬ ಅಧಿಕಾರಿಯನ್ನು ನೇಮಿಸಿದ್ದರು. ಸಮುದ್ರಕ್ಕೆ ಮಾತ್ರ ಬೇರೆಯದೇ ವಿಭಾಗ. ಅದಕ್ಕೆ ತನ್ನದೇ ಠಾಣೆ, ದೋಣಿ, ವೈರ್‌ಲೆಸ್ ಚಾನೆಲ್ ಇದ್ದವು. ದೋಣಿ ಹೊರಟ ಮೇಲೆ ದಡದಲ್ಲಿ ಎಷ್ಟೇ ದೊಡ್ಡ ಅಧಿಕಾರಿ ನಿಂತಿರಲಿ, ಅದರಲ್ಲಿದ್ದವರಿಗೆ ನೇರವಾಗಿ ಆದೇಶ ಕೊಡುವಂತಿರಲಿಲ್ಲ. ಎರಡೂ ಕಡೆಯ ಮಾತು ದಾಟಿಸುವುದು ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸವಾಗಿತ್ತು. ಆಗ ಅದು ಅತಿಯಾದ ಶಿಸ್ತು ಎಂದೇ ನನಗೆ ಅನಿಸುತ್ತಿತ್ತು.

ದಾಂಡೇಲಿಯಲ್ಲಿ ಇರುವುದು ಕಾಳಿ ನದಿ. ನಮ್ಮ ಠಾಣೆಯ ಸರಹದ್ದು ನದಿಯ ಒಂದು ದಂಡೆಗೆ ಮುಗಿಯುತ್ತಿತ್ತು, ಎದುರು ದಂಡೆ ಇನ್ನೊಂದು ಠಾಣೆಯದು. ನಡುವಿನ ನೀರು ಯಾರದೆಂದು ಯಾರೂ ಕೇಳಿರಲಿಲ್ಲ. ನಮ್ಮ ಬಳಿ ದೋಣಿಯೂ ಇರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಕೋಗಿಲಬನದ ಕಡೆಯಿಂದ ಫೋನ್ ಬಂತು. ಶಾಂತವ್ವ ಮತ್ತು ಅವರ ವಾರಗಿತ್ತಿ ರೇಣುಕಾ ಕೌದಿ ಒಗೆಯಲು ನದಿಯ ನಡುವಿನ ಬಂಡೆಗೆ ಹೋಗಿದ್ದರು. ಮೇಲಿನ ವಿದ್ಯುದಾಗಾರದಿಂದ ನೀರು ಬಿಡುವ ಮುನ್ನ ಸೈರನ್ ಕೂಗಿತ್ತು, ಆದರೆ ಬಟ್ಟೆ ಬಡಿಯುವ ಸದ್ದಿನಲ್ಲಿ ಅವರಿಗೆ ಅದು ಕೇಳಿಸಿರಲಿಲ್ಲ. ನಾವು ತಲುಪುವಷ್ಟರಲ್ಲಿ ಬಂಡೆಯ ಮೇಲೆ ಒಂದು ಮಂಚದಷ್ಟು ಜಾಗ ಮಾತ್ರ ಉಳಿದಿತ್ತು. ನೀರು ನಿಲ್ಲಿಸಲು ವಿದ್ಯುದಾಗಾರದವರನ್ನು ದಾರಿಯಲ್ಲೇ ಫೋನಿನಲ್ಲಿ ಕೇಳಿಕೊಂಡಿದ್ದೆ. ಆದರೆ ಆಗಲೇ ಬಿಟ್ಟ ನೀರು ಹರಿದು ಮುಗಿಯಬೇಕಲ್ಲ!

ದಂಡೆಯಲ್ಲಿ ನೂರಾರು ಜನ ಸೇರಿದ್ದರು. ಒಬ್ಬರು "ಈಸಿಕೊಂಡು ಬರ್ರಿ" ಎಂದರೆ ಇನ್ನೊಬ್ಬರು "ಅಲ್ಲೇ ಕೂಡ್ರಿ" ಎಂದು ಕೂಗುತ್ತಿದ್ದರು. ಶಾಂತವ್ವನ ಗಂಡ ಪರಶುರಾಮ ಅಂಗಿ ಬಿಚ್ಚಿ ನೀರಿಗಿಳಿಯಲು ಹೊರಟಿದ್ದ.

ಸುದ್ದಿ ತಿಳಿದು ಬಸ್ತ್ಯಾಂವ್ ಮೂವರು ಜೊತೆಗಾರರೊಂದಿಗೆ ರಬ್ಬರ್ ರಾಫ್ಟನ್ನು ಜೀಪಿನ ಮೇಲೆ ಹೇರಿಕೊಂಡು ಬಂದರು. ಅವರು ಹಳಿಯಾಳ ಕಡೆಯ ಸಿದ್ದಿ ಕುಟುಂಬದವರು. ಬಹಳ ವರ್ಷಗಳಿಂದ ಪ್ರವಾಸಿಗರನ್ನು ರಾಫ್ಟಿನಲ್ಲಿ ಕರೆದೊಯ್ಯುತ್ತಿದ್ದರು. ನಾನು ಅಭ್ಯಾಸಬಲದಿಂದ, ಇಬ್ಬರು ಪೇದೆಗಳನ್ನು ಕೂರಿಸಿಕೊಂಡು ಇಲ್ಲಿಂದಲೇ ಹೊರಡಿ ಎಂದು ಆದೇಶಿಸಿದೆ.

ಅವರು ಕದಲಲಿಲ್ಲ. "ಇಲ್ಲಿಂದ ಬಿಟ್ರ ನೀರು ನಮ್ಮನ್ನ ಒಯ್ದು ಕಲ್ಲಿಗೆ ಬಡೀತೈತ್ರಿ ಮೇಡಂ. ಆ ದಂಡಿಗೆ ಹೋಗಿ ಮ್ಯಾಲಿಂದ ಇಳೀಬೇಕು. ನಿಮ್ಮ ಪೊಲೀಸರು ಬ್ಯಾಡ, ರಾಫ್ಟಿಗೆ ವಜ್ಜಿ ಆಗ್ತಾರ."

ಎಲ್ಲರೂ ನನ್ನ ಮುಖ ನೋಡಿದರು. ಒಂದು ಕ್ಷಣ ಸಿಟ್ಟೇ ಬಂತು. ಆಮೇಲೆ ಕರಾವಳಿಯ ಆ ಶಿಸ್ತಿನ ಅರ್ಥ ಹೊಳೆಯಿತು. "ಆಯ್ತು. ನೀರಿನ್ಯಾಗ ನೀವು ಹೇಳಿದ್ದ ನಡೀಲಿ. ದಂಡಿ ನಾ ನೋಡ್ಕೋತೇನಿ" ಎಂದೆ.

"ಹಂಗಾದ್ರ ಮಂದೀನ ಸುಮ್ಮನಿರಿಸ್ರಿ. ಆ ಅಕ್ಕಾರಿಗೆ ನನ್ನ ಒಬ್ಬನ ದನಿ ಕೇಳ್ಬೇಕು."

ಜೀಪು ಸೇತುವೆ ದಾಟುತ್ತಿದ್ದಂತೆ ಎದುರು ದಂಡೆಯ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಫೋನ್ ಮಾಡಿ, ತಮ್ಮ ಸರಹದ್ದಿನಲ್ಲಿ ಯಾರ ಆದೇಶದ ಮೇಲೆ ರಾಫ್ಟ್ ಇಳಿಸುತ್ತಿದ್ದಾರೆ ಎಂದು ಕೇಳಿದರು. ನೀರಿಗೆ ಬಸ್ತ್ಯಾಂವ್, ಆ ದಂಡೆಗೆ ನೀವು, ಈ ದಂಡೆಗೆ ನಾನು ಎಂದೆ. "ಎಷ್ಟು ಮಂದಿ ಕಳಸ್ಲಿ ಮೇಡಂ?" ಎಂದರು.

ನಮ್ಮ ಪೇದೆಗಳು ಜನರನ್ನು ಸುಮ್ಮನಾಗಿಸಿ, ಹಿಂದೆ ಸರಿಸಿ, ಆಂಬ್ಯುಲೆನ್ಸಿಗೆ ದಾರಿ ಮಾಡಿದರು. ಪರಶುರಾಮನ ಕೈಗೆ ಹಗ್ಗ ಕೊಟ್ಟು, ರಾಫ್ಟ್ ದಂಡೆಯ ಹತ್ತಿರ ಬಂದ ಕೂಡಲೇ ಇದನ್ನು ಅವರತ್ತ ಎಸೆದು ಎಳೆಯುವುದು ನಿಮ್ಮ ಕೆಲಸ ಎಂದೆ. ಅವನು ಹಗ್ಗವನ್ನು ಎದೆಗವಚಿಕೊಂಡು ನಿಂತ.

ಮೊದಲ ಸಲ ಒಂದೇ ಮಾರು ಅಂತರದಲ್ಲಿ ಬಂಡೆ ತಪ್ಪಿಹೋಗಿ ರಾಫ್ಟ್ ಕೆಳಗೆ ತೇಲಿಹೋಯಿತು. ದಂಡೆಯ ಜನ ಅಯ್ಯೋ ಎಂದರು. ನನ್ನ ಕೈ ತಾನಾಗಿ ಮೆಗಾಫೋನಿಗೆ ಹೋಯಿತು. ಹೇಳಲು ಏನಿತ್ತು? ಅದನ್ನು ಕೆಳಗಿಟ್ಟೆ. ಆ ನಾಲ್ವರು ರಾಫ್ಟನ್ನು ಮತ್ತೆ ಮೇಲಕ್ಕೆ ಹೊತ್ತು ತರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನೀರು ಹೆಂಗಸರ ಮೊಣಕಾಲಿಗೆ ಬಂದಿತ್ತು.

ಎರಡನೆಯ ಸಲ ಬಸ್ತ್ಯಾಂವ್ ಬಂಡೆಯ ಹಿಂದೆ ನೀರು ತಿರುಗಿ ನಿಲ್ಲುವ ಜಾಗಕ್ಕೆ ರಾಫ್ಟನ್ನು ತಂದು ಸೇರಿಸಿದರು. "ಅಕ್ಕಾ, ನನ್ನ ಮುಖಾನ ನೋಡು. ಈಗ ಕುಂತಕೋತ ಜಾರು" ಎಂಬ ಅವರ ದನಿ ನಿಶ್ಶಬ್ದವಾಗಿದ್ದ ದಂಡೆಗೂ ಸ್ಪಷ್ಟವಾಗಿ ಕೇಳಿಸಿತು. ಮೊದಲು ರೇಣುಕಾ, ಆಮೇಲೆ ಶಾಂತವ್ವ ರಾಫ್ಟಿಗಿಳಿದರು. ರಾಫ್ಟ್ ನಮ್ಮ ದಂಡೆಯ ಹತ್ತಿರ ಬಂದಾಗ ಪರಶುರಾಮ ಹಗ್ಗ ಎಸೆದ, ಎಳೆಯುತ್ತಲೇ ಅಳುತ್ತಿದ್ದ. ಶಾಂತವ್ವ ಮಾತ್ರ ದಂಡೆಗೆ ಕಾಲಿಟ್ಟವರೇ, "ಕೌದಿ ಹೋದವಲ್ರೀ, ನಾಕು ಕೌದಿ!" ಎಂದು ಗಂಡನ ಮೇಲೆ ರೇಗಿದರು. ಇಡೀ ದಂಡೆ ನಕ್ಕಿತು.

ಮರುವಾರ ಎರಡೂ ಠಾಣೆಯವರು ಕೂತು ಒಂದು ಪುಟದ ವ್ಯವಸ್ಥೆ ಬರೆದೆವು. ಆಯಾ ದಂಡೆಗೆ ಆಯಾ ಠಾಣೆ, ನೀರಿಗೆ ಸರದಿಯಂತೆ ಒಬ್ಬ ರಾಫ್ಟಿಂಗ್ ಗೈಡ್, ಮೂವರಿಗೂ ಒಂದೇ ವೈರ್‌ಲೆಸ್ ಚಾನೆಲ್. ನಾನು ಅಲ್ಲಿರುವವರೆಗೂ ಅದು ಜಗಳವಿಲ್ಲದೆ ನಡೆಯಿತು.

ಆ ದಿನದ ವರದಿಯಲ್ಲಿ 'ಕಾರ್ಯಾಚರಣೆಯ ನೇತೃತ್ವ' ಎಂಬ ಕಾಲಂ ಇತ್ತು. ಅಲ್ಲಿ ನನ್ನ ಹೆಸರನ್ನೇ ಬರೆಯಲೆಂದು ಠಾಣೆಯ ರೈಟರ್ ಪೆನ್ನು ಹಿಡಿದಿದ್ದರು. ಬಸ್ತ್ಯಾಂವ್ ಹೆಸರು ಬರೆಯಿರಿ ಎಂದೆ. ಹುದ್ದೆ ಏನೆಂದು ಬರೆಯಲಿ ಎಂದು ಕೇಳಿದರು. 'ನದಿ ಬಲ್ಲವರು' ಎಂದು ಬರೆಸಿ ಸಹಿ ಹಾಕಿದೆ. ಮೂವತ್ತು ವರ್ಷ ಆದೇಶ ಕೊಡುವುದನ್ನು ಕಲಿತಿದ್ದ ನನಗೆ, ಅದನ್ನು ಯಾರ ಕೈಗೆ ಯಾವಾಗ ಒಪ್ಪಿಸಬೇಕೆಂಬುದು ತಿಳಿದದ್ದು ಕೊನೆಯ ಪೋಸ್ಟಿಂಗಿನಲ್ಲಿ. ತಡವಾಗಿಯಾದರೂ ತಿಳಿಯಿತಲ್ಲ ಎಂಬ ಸಮಾಧಾನ ಇದೆ.