ಹಸಿರು ರಿಬ್ಬನ್ನಿನ ಕೇಕು

ವೈಲೆಟಕ್ಕನನ್ನು ಪೊಲೀಸರು ಜೀಪಿಗೆ ಹತ್ತಿಸಿದ್ದು ನನ್ನ ಅಂಗಡಿಯ ಎದುರಿನಲ್ಲೇ. ಎರಡು ಸಾವಿರದ ಹದಿಮೂರನೇ ಇಸವಿ, ಕ್ರಿಸ್ಮಸ್ ಕಳೆದು ಬಂದ ಶನಿವಾರ, ಮಧ್ಯಾಹ್ನದ ಅಸರ್ ಬಾಂಗು ಆಗಿ ಹತ್ತು ನಿಮಿಷ ಆಗಿರಬೇಕು. ಆಸ್ಪತ್ರೆಯ ಬಿಳಿ ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿದ್ದಳು. ಡ್ಯೂಟಿಗೆ ಹೊರಟವಳನ್ನು ಹಾಗೆಯೇ ಕರೆದುಕೊಂಡು ಹೋದರು. ಹಿಂದಿನಿಂದ ಒಬ್ಬ ಪೊಲೀಸು ಅವಳ ಅಮ್ಮ ಕೊಟ್ಟ ಉಪ್ಪಿನಕಾಯಿ ಭರಣಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ತಂದ. ಗಲ್ಲಿಯ ಜನ ಬಾಗಿಲಿಗೆ ಬಂದು ನಿಂತಿದ್ದರು. ನಾನೂ ನಿಂತಿದ್ದೆ. 

ನನ್ನ ಹೆಸರು ಶಬೀರ್. ಉಳ್ಳಾಲದವನು, ಬ್ಯಾರಿ. ಕುವೈತಿನ ಸಲ್ವಾದ ಆ ಗಲ್ಲಿಯಲ್ಲಿ ಬಕಾಲಾ, ಅಂದರೆ ಸಣ್ಣ ದಿನಸಿ ಅಂಗಡಿ, ನಡೆಸಲು ಶುರು ಮಾಡಿ ಆಗಲೇ ಬಹಳ ಕಾಲವಾಗಿತ್ತು. ಅಂಗಡಿಯವನಿಗೆ ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ಗೊತ್ತಿರುತ್ತದೆ. ವೈಲೆಟಕ್ಕನ ಮನೆಯಲ್ಲಿ ಏನು ಹುಳಿ ಬರುತ್ತದೆ ಎಂಬುದೂ ನನಗೆ ಗೊತ್ತಿತ್ತು. ಪ್ರತಿ ಅಕ್ಟೋಬರಿನಲ್ಲಿ ಎರಡು ಪೆಟ್ಟಿಗೆ ಕಪ್ಪು ದ್ರಾಕ್ಷಿ, ಐದು ಕಿಲೋ ಸಕ್ಕರೆ, ಒಂದು ಪೊಟ್ಟಣ ಈಸ್ಟು, ಒಂದು ಹಿಡಿ ಗೋಧಿ. "ಜಾಮ್ ಮಾಡ್ಲಿಕ್ಕೆ ಶಬೀರ್," ಅನ್ನುವಳು. "ಜಾಮಿಗೆ ಗೋಧಿ ಎಂತಕ್ಕೆ ಅಕ್ಕ?" ಎಂದು ಒಮ್ಮೆ ಚುಡಾಯಿಸಿದ್ದೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಹೋದಳು. ಆಮೇಲೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಆ ದೇಶದಲ್ಲಿ ಮದ್ಯಕ್ಕೆ ನಿಷೇಧ. ಮಾರುವವನಿಗೂ, ಮಾಡುವವನಿಗೂ, ಕುಡಿಯುವವನಿಗೂ ಒಂದೇ ದಾರಿ, ವಿಮಾನ ನಿಲ್ದಾಣದ ದಾರಿ. ಆದರೆ ಬಂಟ್ವಾಳದ ಮೊಡಂಕಾಪಿನ ಕ್ರಿಶ್ಚನ್ ಹೆಂಗಸಿಗೆ ದ್ರಾಕ್ಷಿರಸ ಇಪ್ಪತ್ತೊಂದು ದಿನ ಭರಣಿಯಲ್ಲಿ ಕೂತದ್ದು ಮದ್ಯ ಎಂದು ಅನಿಸುವುದೇ ಇಲ್ಲ. ಅದು ಕ್ರಿಸ್ಮಸ್ಸಿನ ಸಾಮಾನು, ಕುಸ್ವಾರ್ ಎಂಬ ಹಬ್ಬದ ತಿಂಡಿಯ ಚಕ್ಕುಲಿ, ಕಲ್‌ಕಲ್, ನೆವ್ರಿಯ ಹಾಗೆ. ಹಬ್ಬದ ದಿನ ಮದ್ದಿನ ಲೋಟದಷ್ಟು ಕುಡಿದು ಉಳಿದದ್ದನ್ನು ಬಂದವರಿಗೆ ಕೊಡುವುದು, ಅಷ್ಟೆ. ಅವಳ ಗಂಡ ಲ್ಯಾನ್ಸಿ ಅರ್ದಿಯಾದ ಒಂದು ಗೋದಾಮಿನ ಆಫೀಸಿನಲ್ಲಿ ಲೆಕ್ಕದ ಕೆಲಸದವನು, ಹೆದರುಪುಕ್ಕಲ. ಪ್ರತಿ ವರ್ಷ ಬೇಡ ಬೇಡ ಎನ್ನುತ್ತಿದ್ದ, ಪ್ರತಿ ವರ್ಷ ಮೊದಲ ಲೋಟ ಅವನೇ ರುಚಿ ನೋಡುತ್ತಿದ್ದ.

ವೈಲೆಟಕ್ಕ ಕುವೈತಿಗೆ ಬಂದದ್ದು ತೊಂಬತ್ತೆರಡರಲ್ಲಿ. ಯುದ್ಧ ಮುಗಿದು ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದ ಕಾಲ. ಎಣ್ಣೆ ಬಾವಿಯ ಮಸಿ ಇನ್ನೂ ಗೋಡೆಗಳ ಮೇಲೆ ಇತ್ತು ಎಂದು ಹೇಳುತ್ತಿದ್ದಳು. ಎರಡೇ ವರ್ಷದಲ್ಲಿ ಅರಬ್ಬಿ ಕಲಿತಳು, ನಾವು ಅಂಗಡಿಯವರು ಮಾತಾಡುವ ಮುರುಕು ಅರಬ್ಬಿಯಲ್ಲ, ಅಲ್ಲಿನ ಅಜ್ಜಿಯಂದಿರು ಮಾತಾಡುವಂಥದ್ದು. ರಮ್ಜಾನಿನಲ್ಲಿ ವಾರ್ಡಿನಲ್ಲಿ ಯಾರ ಎದುರೂ ಒಂದು ಗುಟುಕು ನೀರು ಕುಡಿದವಳಲ್ಲ. ರೋಗಿಗೆ ಸೂಜಿ ಚುಚ್ಚುವಾಗ "ಬಿಸ್ಮಿಲ್ಲಾ" ಅನ್ನುವಳು. ಲ್ಯಾನ್ಸಿ ಅದಕ್ಕೆ ಗೊಣಗುವನು. ಅವಳು ಅಂದದ್ದು ಇಷ್ಟೆ: "ಚುಚ್ಚಿಸಿಕೊಳ್ಳುವವರಿಗೆ ಧೈರ್ಯ ಬರ್ತದಲ್ಲ. ನನಗೆಂತ ನಷ್ಟ?"

ಆ ಕಾಲದಲ್ಲಿ ಪೇಪರಿನಲ್ಲಿ, ಟೀವಿಯಲ್ಲಿ ದಿನಾ ಒಂದೇ ಚರ್ಚೆ. ಹೊರಗಿನವರು ಹೆಚ್ಚಾದರು, ನಮ್ಮ ರೀತಿ ನೀತಿ ಹಾಳಾಯಿತು, ಇಲ್ಲಿ ಇರುವವರು ಇಲ್ಲಿನವರ ಹಾಗೆ ಇರಬೇಕು. ಒಮ್ಮೆ ಲ್ಯಾನ್ಸಿ ಅಂಗಡಿಯಲ್ಲಿ ನಿಂತು, "ನಿಮಗೆ ಸುಲಭ ಉಂಟು ಶಬೀರ್. ನೀವು ಅವರದೇ ಧರ್ಮ," ಅಂದ. ನನಗೆ ಸಿಟ್ಟು ಬಂತು. "ಮಸೀದಿಯ ಒಳಗೆ ನಾನು ಅವರ ಪಕ್ಕ ನಿಲ್ತೇನೆ. ಹೊರಗೆ ಬಂದು ಚಪ್ಪಲಿ ಹಾಕಿದ ಕೂಡಲೆ ನಾನು ಬರೀ ಹಿಂದಿ, ಇಂಡಿಯಾದವ. 'ಏ ಹಿಂದಿ, ಎರಡು ಪೆಪ್ಸಿ.' ಅಷ್ಟೇ ಮಾರಾಯ," ಎಂದೆ. ಅವನು ನಕ್ಕ. ನಾನೂ ನಕ್ಕೆ. ನಮ್ಮಿಬ್ಬರ ಇಕಾಮಾದ, ಅಂದರೆ ವಾಸದ ಪರವಾನಗಿಯ, ಬಣ್ಣ ಒಂದೇ.

ಗಲ್ಲಿಯಲ್ಲಿ ವೈಲೆಟಕ್ಕನನ್ನು ಹಿಂದಿ ಎನ್ನದೆ "ಬಿಂತಿ", ನನ್ನ ಮಗಳೇ, ಎಂದು ಕರೆದವರು ಒಬ್ಬರೇ, ಉಮ್ಮು ಜಾಸಿಂ. ಎದುರು ಮನೆಯ ಕುವೈತಿ ಮುದುಕಿ. ಸಕ್ಕರೆ ಕಾಯಿಲೆ, ಎಡಗಾಲಿನಲ್ಲಿ ಮಾಯದ ಗಾಯ. ಡ್ಯೂಟಿ ಮುಗಿಸಿ ಬಂದು ದಿನ ಬಿಟ್ಟು ದಿನ ವೈಲೆಟಕ್ಕ ಆ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು, ಒಂಬತ್ತು ವರ್ಷ. ಮುದುಕಿ ಬೇರೆ ಯಾರಿಗೂ ಕಾಲು ಮುಟ್ಟಲು ಬಿಡುತ್ತಿರಲಿಲ್ಲ.

ಕ್ರಿಸ್ಮಸ್ಸಿಗೆ ನಮ್ಮೂರ ಕ್ರಿಶ್ಚನ್ನರು ನೆರೆಮನೆಗಳಿಗೆ ಕುಸ್ವಾರ್ ಹಂಚದೆ ಇರುವುದಿಲ್ಲ. ವೈಲೆಟಕ್ಕ ಸಲ್ವಾದಲ್ಲೂ ಅದನ್ನು ಬಿಡಲಿಲ್ಲ. ಹನ್ನೆರಡು ತಟ್ಟೆ, ಹನ್ನೆರಡು ಸಣ್ಣ ಕೇಕು. ಅದರಲ್ಲಿ ಒಂದು ಗುಟ್ಟಿತ್ತು, ಅದು ನನಗೆ ಆ ವರ್ಷವೇ ತಿಳಿದದ್ದು. ಆರು ಕೇಕಿನ ದ್ರಾಕ್ಷಿ, ಚೆರಿ, ಕಿತ್ತಳೆ ಸಿಪ್ಪೆ ಒಂದು ತಿಂಗಳು ಮನೆಯ ವೈನಿನಲ್ಲಿ ನೆನೆದದ್ದು. ಆರು ಕೇಕಿನದ್ದು ಬರೀ ಕಿತ್ತಳೆ ರಸದಲ್ಲಿ. ವೈನಿನದ್ದಕ್ಕೆ ಕೆಂಪು ರಿಬ್ಬನ್, ಅದು ತಮ್ಮವರ ಮನೆಗಳಿಗೆ. ರಸದ್ದಕ್ಕೆ ಹಸಿರು ರಿಬ್ಬನ್, ಅದು ಮುಸ್ಲಿಮರ ಮನೆಗಳಿಗೆ. ಪಾತ್ರೆ ಬೇರೆ, ಚಮಚ ಬೇರೆ. ಯಾರೂ ಕೇಳದಿದ್ದರೂ ಅಷ್ಟು ವರ್ಷ ಅಷ್ಟು ಶ್ರದ್ಧೆಯಿಂದ ಮಾಡಿದ್ದಳು.

ಆ ವರ್ಷ ಅವಳಿಗೆ ಹಬ್ಬದ ಹಿಂದಿನ ದಿನ ಎರಡೆರಡು ಪಾಳಿ ಬಿತ್ತು. ಮಗಳು ಪ್ರೀಮಾಳಿಗೆ ಫೋನಿನಲ್ಲಿ ಹೇಳಿದಳು, ಆರಕ್ಕೆ ಕೆಂಪು ಕಟ್ಟು, ಆರಕ್ಕೆ ಹಸಿರು ಕಟ್ಟು, ಎಡಗಡೆಯದ್ದು ಕೆಂಪು. ಪ್ರೀಮಾ ಹನ್ನೆರಡನೇ ಕ್ಲಾಸಿನ ಹುಡುಗಿ, ಕುವೈತಿನಲ್ಲೇ ಹುಟ್ಟಿದವಳು. ಕೇಕಿನಲ್ಲಿ ಎರಡು ಜಾತಿ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಶಾಲೆಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಾಳು ಎಂದು ಅಮ್ಮ ಅವಳಿಂದಲೂ ಮುಚ್ಚಿಟ್ಟಿದ್ದಳು. ಮೇಜು ಸಾಲದೆ ಅವಳು ಕೇಕುಗಳನ್ನು ಅತ್ತಿತ್ತ ಜರುಗಿಸಿ, ಒಂದು ಬಿಟ್ಟು ಒಂದಕ್ಕೆ ಚಂದ ಕಾಣುವ ಹಾಗೆ ರಿಬ್ಬನ್ ಕಟ್ಟಿದಳು. ಹಂಚಿಯೂ ಬಂದಳು.

ಇಪ್ಪತ್ತಾರನೇ ತಾರೀಕು ಬೆಳಿಗ್ಗೆ ಅಬ್ಬಾಸಿಯಾದಿಂದ ಅವಳ ಗೆಳತಿ ಮೊಲ್ಲಿಯ ಫೋನು. "ಎಂತ ವೈಲೆಟ್, ಈ ಸಲ ಕೇಕು ಸಪ್ಪೆ? ನಮ್ಮ ಬರ್ನಾರ್ಡ್ ಎರಡು ತುಂಡು ತಿಂದು ಇದು ಶಾಲೆ ಮಕ್ಕಳ ಕೇಕು ಅಂತಾರೆ." ವೈಲೆಟಕ್ಕ ಪ್ರೀಮಾಳನ್ನು ಕರೆದು ರಿಬ್ಬನ್ ಹೇಗೆ ಕಟ್ಟಿದ್ದು ಎಂದು ಕೇಳಿದಳಂತೆ. ಸಪ್ಪೆಯದ್ದು ಮೊಲ್ಲಿಗೆ ಹೋದರೆ ವೈನಿನದ್ದು ಎಲ್ಲಿಗೆ ಹೋಯಿತು?

ಹತ್ತು ಗಂಟೆಗೆ ಅಂಗಡಿಗೆ ಬಂದಳು. ಗಿರಾಕಿ ಹೋಗುವವರೆಗೆ ಅಕ್ಕಿ ಚೀಲದ ಹತ್ತಿರ ನಿಂತಿದ್ದಳು. ಆಮೇಲೆ ಎಲ್ಲವನ್ನೂ ಹೇಳಿದಳು, ವೈನು, ರಿಬ್ಬನ್, ಎಲ್ಲ.

"ಹಾಗಾದರೆ ನಮ್ಮ ಮನೆಯದ್ದು?" ಎಂದೆ.

"ಗೊತ್ತಿಲ್ಲ ಶಬೀರ್."

ನಾವು ಅದರಲ್ಲಿ ಮುಕ್ಕಾಲು ಪಾಲು ತಿಂದಾಗಿತ್ತು.  ದ್ರಾಕ್ಷಿ ಮಾರಿದವನು ನಾನೇ, ಆದರೂ ಸಿಟ್ಟು ಬಂತು. ಮಾರುವುದು ಬೇರೆ, ತಿನ್ನುವುದು ಬೇರೆ ಎಂದು ನನ್ನ ಮನಸ್ಸು ಆಗಲೇ ವಕೀಲಿ ಶುರು ಮಾಡಿತ್ತು.

"ನಿಮಗೆ ಹೇಳಿದೆ. ಈಗ ಉಮ್ಮು ಜಾಸಿಂ. ಅವರ ಮನೆಗೂ ಹೋಗಿದೆ," ಎಂದಳು. "ಲ್ಯಾನ್ಸಿ ಬಾಯಿ ಮುಚ್ಚಿಕೊಂಡು ಕೂತುಕೋ ಅಂತಾರೆ. ನೀವು ಹೇಳಿ. ನಿಮಗೆ ಗೊತ್ತಿಲ್ಲದೆ ಯಾರಾದರೂ ಹರಾಮು ತಿನ್ನಿಸಿದ್ರೆ, ನಿಮಗೆ ಗೊತ್ತಾಗಬೇಕಾ ಬೇಡವಾ?"

ಆ ಹೊತ್ತಿನಲ್ಲಿ ನನಗೆ ನನ್ನ ಸಿಟ್ಟು ದೊಡ್ಡದಾಗಿತ್ತು. "ಗೊತ್ತಾಗಬೇಕು. ಹೇಳದೆ ಇರುವುದು ತಿನ್ನಿಸಿದ್ದಕ್ಕಿಂತ ದೊಡ್ಡ ತಪ್ಪು," ಎಂದುಬಿಟ್ಟೆ. ಗಂಭೀರವಾಗಿ, ಮಸೀದಿಯಲ್ಲಿ ಖುತುಬಾ ಪ್ರವಚನ ಓದುವವರ ಹಾಗೆ. ಅವಳು ತಲೆ ಆಡಿಸಿ ಸೀದಾ ಎದುರು ಮನೆಯ ಬೆಲ್ ಒತ್ತಿದಳು. ನನ್ನ ಜೀವನದಲ್ಲಿ ನಾನು ಆಡಿದ ಅತ್ಯಂತ ದುಬಾರಿ ಮಾತು ಅದು, ಬೆಲೆ ತೆತ್ತವಳು ಅವಳು.

ಅರ್ಧ ಗಂಟೆ ಬಿಟ್ಟು ಹೊರಬಂದವಳ ಕಣ್ಣು ಒದ್ದೆಯಾಗಿತ್ತು, ಮುಖ ಹಗುರಾಗಿತ್ತು. ಮುದುಕಿ ಮೊದಲು ಎದ್ದು ಹೋಗಿ ಬಾಯಿ ಮುಕ್ಕಳಿಸಿದರಂತೆ.  ಆಮೇಲೆ ಅವಳ ತಲೆ ಸವರಿ, "ತಿಳಿಯದೆ ತಿಂದದ್ದು ಪಾಪವಲ್ಲ. ನೀನು ಬಂದು ಹೇಳಿದೆಯಲ್ಲ, ಅದನ್ನು ಅಲ್ಲಾಹು ನೋಡಿದ," ಎಂದರಂತೆ. ನನ್ನ ಹೆಂಡತಿ ಶಹನಾ ಕೂಡ ಹೆಚ್ಚು ಕಡಿಮೆ ಅದನ್ನೇ ಅಂದಳು. ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಹೆಮ್ಮೆ ಆಯಿತು.

ಮರುದಿನ ಶುಕ್ರವಾರ. ಅದರ ಮರುದಿನ ಜೀಪು.

ಮನೆಯಲ್ಲಿ ಭರಣಿ ಸಿಕ್ಕಿತು, ನಾಲ್ಕು ಬಾಟಲಿ ಸಿಕ್ಕಿತು. ಜೀಪಿನ ಹತ್ತಿರ ನಿಲ್ಲಿಸಿ ಇಷ್ಟು ದ್ರಾಕ್ಷಿ ಎಲ್ಲಿಂದ ತಂದೆ ಎಂದು ಕೇಳಿದರು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ನಿಂತಿದ್ದೆ. ವೈಲೆಟಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ದೊಡ್ಡ ತರಕಾರಿ ಮಾರ್ಕೆಟಿನಿಂದ, ಅಂಗಡಿ ನೆನಪಿಲ್ಲ," ಎಂದು ಅಚ್ಚ ಕುವೈತಿ ಅರಬ್ಬಿಯಲ್ಲಿ ಹೇಳಿದಳು. ಒಬ್ಬ ಮುದುಕಿಗೆ ಸುಳ್ಳು ಹೇಳಲಾರದೆ ಸಿಕ್ಕಿಬಿದ್ದವಳು ನನಗೋಸ್ಕರ ಸುಳ್ಳು ಹೇಳಿದಳು. ನಾನು ಮುಂದೆ ಬಂದು ನಾನೇ ಕೊಟ್ಟದ್ದು ಎನ್ನಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಯಾರು ದೂರು ಕೊಟ್ಟರು? ಗಲ್ಲಿಯೆಲ್ಲ ಅದೇ ಮಾತು. ಲ್ಯಾನ್ಸಿಗೆ ನನ್ನ ಮೇಲೆಯೇ ಅನುಮಾನ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಂಗಡಿಗೆ ಬರುವುದನ್ನು ನಿಲ್ಲಿಸಿದ. ಎಂಟನೇ ದಿನ ಅವಳ ಬೆರಳಚ್ಚು ತೆಗೆದುಕೊಂಡು ಮಂಗಳೂರಿನ ವಿಮಾನ ಹತ್ತಿಸಿದರು. ಬೆರಳಚ್ಚು ಹೋದ ಮೇಲೆ ಖಲಾಸ್, ಮತ್ತೆ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ಪ್ರೀಮಾಳ ಪರೀಕ್ಷೆಗೆ ಇನ್ನು ಎರಡೇ ತಿಂಗಳು ಇತ್ತು. ಹುಡುಗಿ ಶಹನಾಳ ಮಡಿಲಲ್ಲಿ ತಲೆಯಿಟ್ಟು, "ಐ ಜಸ್ಟ್ ಟೈಡ್ ದ ರಿಬ್ಬನ್ಸ್, ಆಂಟಿ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು.

ಆ ವಾರ ಜಾಸಿಂ ಸಿಗರೇಟಿಗೆ ಬಂದ. ಮುದುಕಿಯ ಮಗ, ಸರಕಾರಿ ಕಚೇರಿಯಲ್ಲಿ ಅಧಿಕಾರಿ, ಒರಟನಲ್ಲ. ಪೊಟ್ಟಣ ತೆಗೆದುಕೊಂಡು ಹೋಗದೆ ನಿಂತ. ನಾನು ಏನೂ ಕೇಳಿರಲಿಲ್ಲ.

"ಶುಕ್ರವಾರ ಊಟಕ್ಕೆ ಎಲ್ಲರೂ ಕೂತಿದ್ದೆವು," ಎಂದ. "ಹೊರಗಿನವರಿಗೆ ನಮ್ಮ ದೇಶದ ಮೇಲೆ, ನಮ್ಮ ಧರ್ಮದ ಮೇಲೆ ಗೌರವ ಇಲ್ಲ ಎಂದು ನಾನು ಹೇಳಿದೆ. ಅಮ್ಮನಿಗೆ ಸಿಟ್ಟು ಬಂತು. ಗೌರವ ಇಲ್ಲವೇ, ನಮ್ಮ ವೈಲೆಟ್ ಏನು ಮಾಡಿದಳು ಕೇಳು, ಎಂದು ಕೇಕಿನ ಕತೆ ಪೂರ್ತಿ ಹೇಳಿದರು. ಅವಳಂಥ ಪ್ರಾಮಾಣಿಕಳು ಈ ಊರಿನಲ್ಲೇ ಇಲ್ಲ ಎಂದರು." ಅವನು ಸಿಗರೇಟಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದ. "ನನ್ನ ಮಗನಿಗೆ ಏಳು ವರ್ಷ. ಅವನೂ ಆ ಕೇಕು ತಿಂದಿದ್ದ. ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಅಮ್ಮನಿಗೆ ಹೇಳಬೇಡ."

 ಮುದುಕಿ ಮಗನೊಡನೆ ವಾದ ಮಾಡಿದ್ದು ವೈಲೆಟಕ್ಕನ ಪರವಾಗಿ. ಹೊಗಳಿದ್ದು ಬಾಯಿ ತುಂಬ. ಆ ಹೊಗಳಿಕೆಯನ್ನೇ ಅವನು ಠಾಣೆಗೆ ಕೊಂಡುಹೋದ. ಇಲ್ಲಿಯವರ ಹಾಗೆ ಇರಬೇಕು ಎಂದು ಇಪ್ಪತ್ತೊಂದು ವರ್ಷ ಇದ್ದವಳು ಅವಳು, ಅವರ ಹರಾಮಿನ ಭಯವನ್ನೂ ತನ್ನದು ಮಾಡಿಕೊಂಡವಳು. ಏನೂ ಗೌರವ ಇಲ್ಲದ ಹೆಂಗಸಾಗಿದ್ದರೆ ಬಾಯಿ ಮುಚ್ಚಿಕೊಂಡು ಇವತ್ತೂ ಆ ಗಲ್ಲಿಯಲ್ಲೇ ಇರುತ್ತಿದ್ದಳು.

ಎರಡು ದಿನ ಬಿಟ್ಟು ಉಮ್ಮು ಜಾಸಿಂ ವಾಕರ್ ಹಿಡಿದು ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಅಷ್ಟು ವರ್ಷದಲ್ಲಿ ಅವರು ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸ್ಟೂಲು ಹಾಕಿದೆ. ಎಡಗಾಲಿನ ಪಟ್ಟಿ ಹಳದಿಯಾಗಿ, ಅಂಚಿನಲ್ಲಿ ಒದ್ದೆಯಾಗಿತ್ತು.

"ಶಬೀರ್, ಯಾರು ಆ ಪಾಪಿ? ನನ್ನ ಮಗಳ ಮೇಲೆ ದೂರು ಕೊಟ್ಟವನು?" ಎಂದರು. "ನಿನಗೆ ಗಲ್ಲಿಯ ಸುದ್ದಿಯೆಲ್ಲ ಗೊತ್ತಿರುತ್ತದೆ."

"ಗೊತ್ತಿಲ್ಲ ಉಮ್ಮಾ," ಎಂದೆ.

"ಚಿಂತೆಯಿಲ್ಲ. ಜಾಸಿಂಗೆ ಹೇಳಿದ್ದೇನೆ. ಅವನಿಗೆ ಕಚೇರಿಗಳಲ್ಲಿ ಎಲ್ಲರ ಗುರುತು ಇದೆ. ಅವಳನ್ನು ಹಿಂದಕ್ಕೆ ಕರೆಸುತ್ತೇನೆ ಎಂದಿದ್ದಾನೆ." ಅವರು ಒಮ್ಮೆ ಉಸಿರು ಎಳೆದುಕೊಂಡರು. "ಬೇರೆ ನರ್ಸು ಬಂದಿದ್ದಳು. ಬೇಡ ಎಂದು ಕಳಿಸಿದೆ. ವೈಲೆಟ್ ಬರುವವರೆಗೆ ಹೀಗೇ ಇರಲಿ. ಬರುತ್ತಾಳಲ್ಲ?"

ಹತ್ತು ದಿನದ ಹಿಂದೆ ಅದೇ ಜಾಗದಲ್ಲಿ ನಿಂತು, ಹೇಳದೆ ಇರುವುದು ದೊಡ್ಡ ತಪ್ಪು ಎಂದವನು ನಾನು. ಜಾಸಿಂನ ಹೆಸರು ನಾಲಿಗೆಯ ತುದಿಯವರೆಗೆ ಬಂದಿತ್ತು. ಮುದುಕಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಇನ್‌ಶಾ ಅಲ್ಲಾ," ಎಂದೆ. ಅವರು ಸಮಾಧಾನದಿಂದ ಎದ್ದು, ಆ ಕಾಲನ್ನು ಎಳೆಯುತ್ತಾ ರಸ್ತೆ ದಾಟಿದರು.