ಹೊದಿಸದ ಶಾಲು

ವಿಶಾಖಪಟ್ಟಣದ ನೌಕಾನೆಲೆಯ ವಸತಿಗೃಹದಲ್ಲಿ ಮಗನ ಸಂಸಾರದೊಡನೆ ಇದ್ದ ಆ ವರ್ಷಗಳಲ್ಲಿ, ಸಾಯಂಸಂಧ್ಯೆ ಮುಗಿದ ಮೇಲೆ ನಾನೂ ನನ್ನ ಹೆಂಡತಿಯೂ ಟೀವಿಯ ಮುಂದೆ ಕೂರುತ್ತಿದ್ದೆವು. ಬೆಂಗಳೂರಿನಿಂದ ತರಿಸಿದ ಸೀಡಿಗಳಲ್ಲಿ ನಮ್ಮ ಮೆಚ್ಚಿನ ಹಾಸ್ಯ ಧಾರಾವಾಹಿಯಿತ್ತು. ಒಂದು ಊಟದ ಮೆಸ್ಸು, ಅದರ ಜಿಪುಣ ಯಜಮಾನ, ಅವನಿಗೆ ಎದುರುತ್ತರ ಕೊಡುವ ಬಡಿಸುವ ಹುಡುಗಿ. ಬರೆದವರೂ ನಿರ್ದೇಶಿಸಿದವರೂ ಯಜಮಾನನ ವೇಷ ಹಾಕಿದವರೂ ಒಬ್ಬರೇ. ಜೀವಮಾನವೆಲ್ಲ ಕಾವ್ಯಪಾಠ ಹೇಳಿದ ನನಗೆ ಆ ಸಂಭಾಷಣೆಯ ಲಯ ಹಿತವಾಗಿತ್ತು. ತೆಲುಗಿನಲ್ಲೇ ಆಡಿ ಬೆಳೆಯುತ್ತಿದ್ದ ಮೊಮ್ಮಗಳು ಕನ್ನಡ ಕಲಿತದ್ದೂ ಅಲ್ಲಿಂದಲೇ. ಮನೆಗೆ ಬಂದ ಹಿರಿಯರನ್ನು "ಬಂದ್ರಾ? ಎರಡನೇ ಸಲ ಸಾರು ಕೇಳೋ ಹಾಗಿಲ್ಲ!" ಎಂದು ಕೈಮುಗಿದು ಸ್ವಾಗತಿಸುತ್ತಿದ್ದಳು; ಅದೇ ಕನ್ನಡದ ಮರ್ಯಾದೆಯೆಂದು ನಂಬಿದ್ದಳು.

ಬಡಿಸುವ ಹುಡುಗಿಯ ಪಾತ್ರ ಮಾಡಿದ ನಟಿ ಒಂದು ದಿನ ಬಾಯಿಬಿಟ್ಟಳು. ಚಿತ್ರೀಕರಣದ ಕಾಲದಲ್ಲಿ ಆ ನಿರ್ದೇಶಕರು ತನ್ನೊಡನೆ ಅಸಭ್ಯವಾಗಿ ನಡೆದುಕೊಂಡರೆಂದೂ, ತಾನು ಒಪ್ಪದಿದ್ದಾಗ ಪಾತ್ರವನ್ನೇ ಕಿತ್ತುಹಾಕಿದರೆಂದೂ ಹೇಳಿದಳು. ಕೆಲವೇ ದಿನಗಳಲ್ಲಿ ಅವರು ಟೀವಿಯಲ್ಲಿ ಕಾಣಿಸಿಕೊಂಡು, ತಮ್ಮಿಂದ ಯಾರಿಗಾದರೂ ಬೇಸರವಾಗಿದ್ದಲ್ಲಿ ಕ್ಷಮೆಯಿರಲಿ ಎಂದರು. ಕಣ್ಣೊರಸಿಕೊಂಡರು ಕೂಡ.

ಅಂದು ಸಂಜೆ ನಾವು ಮತ್ತೆ ಸೀಡಿ ಹಾಕಿದೆವು. ನಾನು ಮಾತು ಕೇಳುತ್ತಿದ್ದೆ. ನನ್ನ ಹೆಂಡತಿ ಕೈಗಳನ್ನು ನೋಡುತ್ತಿದ್ದಳು.

"ನೋಡಿ, ಬೀಗದ ಕೈಯನ್ನು ಅವನ ಕೈಗೆ ಕೊಡೋದೇ ಇಲ್ಲ. ಮೇಜಿನ ಮೇಲಿಟ್ಟು ಹಿಂದೆ ಸರೀತಾಳೆ."

"ಅಭಿನಯವಿರಬಹುದು."

"ನಿಮ್ಮ ತಲೆ! ಯಾವ ಹೆಣ್ಣನ್ನಾದ್ರೂ ಕೇಳಿ."

ಮತ್ತೊಮ್ಮೆ ಹಾಕಿ ನೋಡಿದೆ. ಹೌದು, ಎಷ್ಟೋ ಸಲ ನಾನು ನಕ್ಕಿದ್ದ ದೃಶ್ಯದಲ್ಲಿ ಅವಳು ಮಾತ್ರ ನಗುತ್ತಿರಲಿಲ್ಲ.

ಆ ವರ್ಷದ ರಾಜ್ಯೋತ್ಸವವನ್ನು ವಿಜಯವಾಡದ ಕನ್ನಡಿಗರೊಡನೆ ಕೂಡಿ ಅಲ್ಲಿಯೇ ಮಾಡುವುದೆಂದು ನಮ್ಮ ಕನ್ನಡ ಸಂಘ ನಿಶ್ಚಯಿಸಿತ್ತು. ಅಲ್ಲಿನ ಆಟೋನಗರದಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿಯಿಟ್ಟಿದ್ದ ನಮ್ಮವರು ಊಟದ ಹೊಣೆ ಹೊತ್ತಿದ್ದರು. ಮುಖ್ಯ ಅತಿಥಿ ಅದೇ ಮಹನೀಯರು. ಮಂಗಳಾಚರಣೆ ಹಾಡಿ, ಶಾಲು ಹೊದಿಸಿ, ಆಶೀರ್ವಚನ ನೀಡುವುದು ವಾಡಿಕೆಯಂತೆ ನನ್ನ ಪಾಲು. ಆ ಪರವೂರಿನಲ್ಲಿ ನನ್ನ ವಿದ್ಯೆಗೆ ತೆರೆದಿದ್ದ ಬಾಗಿಲು ಅದೊಂದೇ. ವರ್ಷವಿಡೀ ಅದಕ್ಕಾಗಿ ಕಾಯುತ್ತಿದ್ದೆ. ಆದರೂ ಶಾಲು ಹೊದಿಸಲಾರೆನೆಂದೆ.

ಬಂದರಿನಲ್ಲಿ ಅಧಿಕಾರಿಯಾಗಿದ್ದ ಸಂಘದ ಅಧ್ಯಕ್ಷರು ಮನೆಗೇ ಬಂದರು. "ಕ್ಷಮೆ ಕೇಳಿದ್ದಾರಲ್ಲ ಗುರುಗಳೇ, ಇನ್ನೇನು ನೇಣು ಹಾಕ್ಕೋಬೇಕಾ?"

"ಸಂಕಲ್ಪದಲ್ಲಿ ನಾವು ದೇಶ, ಕಾಲ, ಗೋತ್ರ, ಮಾಡುವ ಕರ್ಮ ಎಲ್ಲವನ್ನೂ ಹೇಳುತ್ತೇವೆ. ಪ್ರಾಯಶ್ಚಿತ್ತಕ್ಕೆ ಕುಳಿತವನು ತಾನು ಮಾಡಿದ್ದನ್ನು ಬಾಯಾರೆ ಹೇಳಬೇಕು. ಇವರು ಏನು ಮಾಡಿದೆನೆಂದು ಹೇಳಿದ್ದಾರೆಯೇ?"

"ನೀವು ದಿನಾ ಪೂಜೆ ಮುಗಿಸಿ ಅಪರಾಧಕ್ಷಮಾಪಣೆ ಹೇಳ್ತೀರಲ್ಲ, ಅಲ್ಲೇನು ಪಟ್ಟಿ ಓದ್ತೀರಾ?"

ಒಳಗಿನಿಂದ ನನ್ನ ಹೆಂಡತಿ ನಕ್ಕಳು. ಪೆಟ್ಟು ಬಲವಾಗಿಯೇ ಇತ್ತು. ಆದರೂ ಹೇಳಿದೆ: "ನನ್ನ ದೇವರಿಗೆ ಎಲ್ಲವೂ ಗೊತ್ತು, ಅವನೆದುರಿಗೆ ನಿಂತೇ ಕೇಳುತ್ತೇನೆ. ಇವರು ಆ ಹೆಣ್ಣುಮಗಳನ್ನು ಬಿಟ್ಟು ಊರಿಗೆಲ್ಲ ಕೈಮುಗಿದರು."

"ಅಲ್ಲಿ ಬಂದು ಅವರನ್ನೇ ಕೇಳಿ," ಎಂದು ಎದ್ದರು. ನ್ಯಾಯವಾದ ಮಾತು, ಹೆಂಡತಿಯೊಡನೆ ಹೊರಟೆ.

ವಿಜಯವಾಡದ ಕಲ್ಯಾಣಮಂಟಪದಲ್ಲಿ, ವೇದಿಕೆಯ ಹಿಂದಿನ ಕೋಣೆಯಲ್ಲಿ ಅವರು ಇಡ್ಲಿ ತಿನ್ನುತ್ತಿದ್ದರು. ಎದ್ದು ಕಾಲಿಗೆರಗಿದರು. ನಾನು ಹಿಂದೆ ಸರಿದೆ.

"ಕ್ಷಮೆ ಕೇಳಿಬಿಟ್ಟೆ, ಸ್ವಾಮಿ."

"ಯಾರನ್ನು?"

"ಎಲ್ಲರನ್ನೂ."

"ನನಗೆ ನೀವೇನೂ ಅಪಚಾರ ಮಾಡಿಲ್ಲವಲ್ಲ. ಆಕೆಯ ಹೆಸರು ಹಿಡಿದು, ಮಾಡಿದ್ದನ್ನು ಹೇಳಿ ಕೇಳಿದಿರಾ?"

ಅವರು ಮೆಸ್ಸಿನ ಯಜಮಾನನ ಹಾಗೆಯೇ ಹುಬ್ಬೇರಿಸಿದರು. "ಅದನ್ನೆಲ್ಲ ಬಿಡಿಸಿ ಹೇಳ್ತಾ ಕೂತರೆ ನನ್ನ ಮರ್ಯಾದೆ ಏನಾಗಬೇಕು?" ಜೊತೆಗಿದ್ದ ಅಧ್ಯಕ್ಷರು ನಕ್ಕರು. ಆ ಹುಬ್ಬಿಗೆ ವರ್ಷಗಟ್ಟಲೆ ನಾನೂ ನಕ್ಕಿದ್ದೆ. ಅಂದು ನಗೆ ಬರಲಿಲ್ಲ.

ವೇದಿಕೆಯಲ್ಲಿ ಸರಸ್ವತಿಯನ್ನು ಮನಸಾರೆ ಸ್ತುತಿಸಿದೆ. ವಾಗ್ದೇವಿಯ ಋಣ ಬೇರೆ, ಅತಿಥಿಯ ಸತ್ಕಾರ ಬೇರೆ. ಅನಂತರ ಜರಿಯಂಚಿನ ಮಂಗಳಗಿರಿ ನೇಯ್ಗೆಯ ಶಾಲನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು. ನಾನು ಮುಟ್ಟಲಿಲ್ಲ. "ಇವರನ್ನು ಮನ್ನಿಸುವ ಅಧಿಕಾರವಿರುವ ಹೆಣ್ಣುಮಗಳು ಈ ಸಭೆಯಲ್ಲಿಲ್ಲ. ಅವಳ ಪರವಾಗಿ ಹರಸಲು ನಾನು ಯಾರು?" ಎಂದು ಮೈಕಿನಲ್ಲಿ ಹೇಳಿ ಕೆಳಗಿಳಿದೆ. ಹಿಂದಿನ ಸಾಲಿನಲ್ಲಿ ಯಾರೋ "ಮುದುಕನಿಗೆ ಅರಳುಮರಳು" ಎಂದರು. ಅಧ್ಯಕ್ಷರೇ ಶಾಲು ಹೊದಿಸಿದರು, ಚಪ್ಪಾಳೆಯೂ ಬಿತ್ತು.

ಹಿಂದಿರುಗುವ ರೈಲಿನಲ್ಲಿ ಹೆಂಡತಿಯನ್ನು ಬಿಟ್ಟರೆ ಸಂಘದವರಾರೂ ನನ್ನ ಪಕ್ಕ ಕೂರಲಿಲ್ಲ. ಸೀಡಿಗಳನ್ನು ಎಸೆಯೋಣವೇ ಎಂದು ಅವಳನ್ನು ಕೇಳಿದೆ. "ಯಾಕೆ ಎಸೀಬೇಕು? ಅವಳು ದುಡಿದದ್ದೂ ಅದರಲ್ಲೇ ಇದೆ," ಎಂದಳು. ಆ ಮಾತನ್ನು ನಾನು ಶಾಸ್ತ್ರವಾಕ್ಯದಂತೆ ಸ್ವೀಕರಿಸಿದೆ.

ರಾಜಮಂಡ್ರಿ ದಾಟಿದ ಮೇಲೆ ಅಧ್ಯಕ್ಷರು ಬಂದು, ಕಿಟಕಿಯ ಕಡೆ ನೋಡುತ್ತಲೇ, "ಮುಂದಿನ ವರ್ಷ ಮಂಗಳಾಚರಣೆಗೆ ಬೇರೆಯವರನ್ನು ನೋಡ್ಕೋತೀವಿ," ಎಂದರು.

"ನೋಡಿಕೊಳ್ಳಿ. ಸ್ವರ ಶುದ್ಧವಾಗಿರಲಿ," ಎಂದೆ.