ನನ್ನ ಮೂರು ವಯಸ್ಸುಗಳೂ ಗೌರವ್ವನ ಸೈಕಲ್ಲೂ

ಈಗ್ಗೆ ಹತ್ತು ವರ್ಷದ ಹಿಂದೆ ನನಗೆ ಐವತ್ತೆಂಟು ವರ್ಷ. ಇದು ನಮ್ಮವ್ವನ ಲೆಕ್ಕ. ನಮ್ಮೂರ ಕೆರೆ ಕೋಡಿ ಹರಿದ ವರ್ಷ ನಾನು ಹುಟ್ಟಿದೆನೆಂದು ಅವಳು ಹೇಳುತ್ತಿದ್ದಳು. ಕೆರೆ ಕೋಡಿ ಹರಿದದ್ದು ಯಾವ ವರ್ಷವೆಂದು ಊರಿನ ನಾಲ್ಕು ಮುದುಕರನ್ನು ಕೇಳಿ, ಅವರು ತಮ್ಮತಮ್ಮಲ್ಲೇ ಕಚ್ಚಾಡಿ, ಕಡೆಗೆ ಕಾಫಿ ಕುಡಿದು ಒಪ್ಪಿಕೊಂಡ ವರ್ಷವೇ ನನ್ನ ಜನ್ಮವರ್ಷ. ನಾನು ಕಸ ಗುಡಿಸುತ್ತಿದ್ದ ವೈಟ್‌ಫೀಲ್ಡಿನ ಕಂಪನಿಯ ಕಾರ್ಡಿನಲ್ಲಿ ಮಾತ್ರ ನನಗೆ ಐವತ್ತೇ, ಏಕೆಂದರೆ ಐವತ್ತೈದು ದಾಟಿದವರನ್ನು ಆ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ವೋಟರ್ ಕಾರ್ಡಿನಲ್ಲಿ ಅರವತ್ತಾರು, ಏಕೆಂದರೆ ಮುದುಕಿಯಾಗದೆ ಮುದುಕರ ಪಿಂಚಣಿ ಬರುವುದಿಲ್ಲ. ನಮ್ಮ ಬೀದಿಯಲ್ಲಿ ಇದೇನೂ ಅತಿಶಯವಲ್ಲ. ಅರ್ಜಿ ಬರೆದುಕೊಡುವವನು "ಎಷ್ಟು ಅಂತ ಬರೀಲಿ ಅಮ್ಮಾ?" ಎಂದು, ಅಂಗಡಿಯವನು ಸಕ್ಕರೆ ಎಷ್ಟು ಕಟ್ಟಲಿ ಎಂದು ಕೇಳುವ ಹಾಗೆ ಕೇಳುತ್ತಿದ್ದ. ಹೆಂಗಸರು ವಯಸ್ಸು ಮುಚ್ಚಿಡುತ್ತಾರೆಂದು ಓದಿದವರು ನಗುತ್ತಾರಲ್ಲ, ಬಡವರ ಹೆಂಗಸರಿಗೆ ಆ ಚಾಳಿಯಿಲ್ಲ. ನಾವು ಕೇಳಿದವರಿಗೆ ಕೇಳಿದಷ್ಟು ಕೊಡುತ್ತೇವೆ.

ವೋಟರ್ ಕಾರ್ಡು ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಕಂಪನಿಯ ಕಾರ್ಡು ನನ್ನ ಕೊರಳಲ್ಲಿ ತಣ್ಣಗಿದ್ದವು. ಅವು ಒಂದರ ಮುಖ ಒಂದು ನೋಡಿಕೊಂಡದ್ದು ಸೈಕಲ್ಲಿನ ದೆಸೆಯಿಂದ.

ನನಗೆ ಸೈಕಲ್ ಬರುತ್ತದೆ. ನನ್ನ ಗಂಡ ಸಾಯುವಾಗ ಎರಡು ಆಸ್ತಿ ಬಿಟ್ಟುಹೋದ: ಬಾಡಿಗೆಗೆ ಕೊಡಬಹುದಾದ ಮೂರು ಶೀಟಿನ ಮನೆ, ಮತ್ತು ನಡುವೆ ಅಡ್ಡಕಂಬಿಯಿರುವ ಗಂಡಸರ ಸೈಕಲ್ಲು. ಅಳುವುದೆಲ್ಲ ಮುಗಿದ ಮೇಲೆ ನೋಡಿದರೆ ಸೈಕಲ್ಲಿಗೆ ತುಕ್ಕು ಹಿಡಿಯುತ್ತಿತ್ತು. ಸೀರೆಯನ್ನು ಕಚ್ಚೆ ಕಟ್ಟಿ, ಒಣಗಿದ ಕೆರೆಯಂಗಳದಲ್ಲಿ ಮನಸಾರೆ ಬಿದ್ದು, ಒಂದು ತಿಂಗಳಲ್ಲಿ ಸೊಪ್ಪಿನ ಮೂಟೆ ಹೇರಿಕೊಂಡು ಕಾಡುಗೋಡಿಯಿಂದ ಹೊಸಕೋಟೆ ಸಂತೆಗೆ ಹೋಗುವಷ್ಟಾದೆ. ದಾರಿಯಲ್ಲಿ ಗಂಡಸರು ನಗುತ್ತಿದ್ದರು. ನಗುವವರಿಗೆ ದಾರಿ ಬಿಡಬೇಕಾದ ಅಗತ್ಯವಿಲ್ಲವೆಂದು ಸೈಕಲ್ಲು ನನಗೆ ಕಲಿಸಿತು. ಆಮೇಲೆ ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲಿ ಗಾಜಿನ ಕಟ್ಟಡ ಬೆಳೆಯಿತು; ನಾನು ಅದೇ ಸೈಕಲ್ಲಿನಲ್ಲಿ ಅದೇ ನೆಲಕ್ಕೆ ಪೊರಕೆ ಹಿಡಿಯಲು ಹೋಗತೊಡಗಿದೆ.

ನನ್ನ ಮೂರು ಮನೆಗಳಲ್ಲಿ ಒಂದರಲ್ಲಿ ಗೌರವ್ವ ಇದ್ದಳು. ಯಾದಗಿರಿ ಕಡೆಯವಳು, ಮೂವತ್ತೆಂಟರ ಹೆಂಗಸು, ಹೈಸ್ಕೂಲಿಗೆ ಹೋಗುವ ಮಗಳು ರೇಣುಕಾಳನ್ನು ಕಟ್ಟಿಕೊಂಡು ಬಂದಿದ್ದಳು. ಅವಳಿಗೆ ಆ ಕಂಪನಿಯಲ್ಲಿ ಕೆಲಸ ಕೊಡಿಸಿದವಳು ನಾನು. ಸೈಕಲ್ ಕಲಿಸಿದವಳೂ ನಾನೇ, ನನ್ನದೇ ಸೈಕಲ್ಲಿನಲ್ಲಿ. ಬೀಳುವ ಭಯ ಅವಳಿಗೆ ಬಹಳ; ಅದಕ್ಕೆ ಸೀಟನ್ನು ಪೂರ್ತಿ ಕೆಳಗಿಳಿಸಿ, "ಎರಡು ಕಾಲೂ ನೆಲಕ್ಕೆ ಸಿಗಬೇಕು, ಅಂಗಿದ್ರೆ ಯಾವಳೂ ಬೀಳಾಕಿಲ್ಲ" ಎಂದು ಹೇಳಿಕೊಟ್ಟಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ ಎಂದು ನಿಮಗೆ ಹೇಳುವುದಿಲ್ಲ. ಅವಳು ಇಟ್ಟುಕೊಂಡಳು, ಅದೇ ತೊಂದರೆಯಾದದ್ದು.

ಆ ಕಂಪನಿಯವರಿಗೆ ವರ್ಷಕ್ಕೊಮ್ಮೆ ಸೈಕಲ್ ತುಳಿಯುವ ಹುಚ್ಚಿತ್ತು. ವೈಟ್‌ಫೀಲ್ಡಿನಿಂದ ಕಾರವಾರದ ಕಡಲಿನವರೆಗೆ ಆರು ದಿನ. ಅವರು ತುಳಿದಷ್ಟು ದೂರಕ್ಕೂ ಯಾರೋ ದಾನಿಗಳು ಹಣ ಕೊಡುತ್ತಿದ್ದರು, ಅದರಿಂದ ಕಾಲಿಲ್ಲದ ಮಕ್ಕಳಿಗೆ ಕೃತಕ ಕಾಲು. ಒಬ್ಬರ ಕಾಲು ನೋಯಿಸಿ ಇನ್ನೊಬ್ಬರಿಗೆ ಕಾಲು ಕೊಡುವ ಈ ದಾರಿ ನನಗೆ ಮೊದಮೊದಲು ಅರ್ಥವಾಗಲಿಲ್ಲ, ಆದರೆ ಹರಕೆಯೆಂದರೂ ಅಷ್ಟೇ ತಾನೆ. ಆ ವರ್ಷ ಪ್ರೀತಿ ಮೇಡಂ, ಸಿಬ್ಬಂದಿಯನ್ನು ನೋಡಿಕೊಳ್ಳುವ ಹುಡುಗಿ, ಕಸ ಗುಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದಳು: "ಈ ಸಲ ನಿಮ್ಮಲ್ಲಿ ಒಬ್ರು ನಮ್ಮ ಜೊತೆ ಬರ್ಬೇಕು. ಯಾರಿಗೆ ಸೈಕಲ್ ಬರುತ್ತೆ?"

ಅವಳ ಬಾಯಿ ಮುಚ್ಚುವ ಮೊದಲೇ ನನ್ನ ಕೈ ಮೇಲಿತ್ತು. ಕಡಲು ನಾನು ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಲವತ್ತು ಜನರ ಸಾಲಿನಲ್ಲಿ ಹೆದ್ದಾರಿಯ ಮೇಲೆ, ಹಿಂದೆ ಮೂಟೆಯಿಲ್ಲದೆ, ಮುಂದೆ ಗೇಟಿಲ್ಲದೆ ಆರು ದಿನ ಸೈಕಲ್ ತುಳಿಯುವುದು ಹೇಗಿರಬಹುದು ಎಂಬ ಆಸೆ ನನ್ನ ಹೊಟ್ಟೆಯೊಳಗೆ ಹಸಿವಿನ ಹಾಗೆ ಎದ್ದಿತು. ಅಷ್ಟು ಆಸೆ ನನ್ನ ಮದುವೆಯ ಬಗ್ಗೆಯೂ ನನಗಿರಲಿಲ್ಲ.

ಮರುದಿನ ಮೇಡಂ ಕಾರ್ಡು ಕೇಳಿದಳು. ಅರವತ್ತು ದಾಟಿದವರಿಗೆ ವಿಮೆ ಇಲ್ಲ, ವಿಮೆ ಇಲ್ಲದವರು ಹೋಗುವಂತಿಲ್ಲ, ಅದಕ್ಕೆ ಸರ್ಕಾರಿ ಕಾರ್ಡೇ ಆಗಬೇಕು. ನಾನು ಕೊಟ್ಟೆ. ಅವಳು ಅದನ್ನೂ ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕಂಪನಿಯ ಕಾರ್ಡನ್ನೂ ಎರಡೆರಡು ಸಲ ನೋಡಿದಳು.

"ಮುನಿಯಮ್ಮ, ನಿಮಗೆ ಐವತ್ತೋ ಅರವತ್ತಾರೋ?"

"ಮಧ್ಯದಾಗೆ ಎಲ್ಲೋ ಐತೆ ಮೇಡಂ."

"ಸರ್ಕಾರಿ ಕಾರ್ಡ್ ಸುಳ್ಳು ಅಂತೀರಾ?"

"ಸುಳ್ಳೇ."

"ಹಾಗಾದ್ರೆ ಸರಿಮಾಡಿಸ್ಕೊಂಡು ಬನ್ನಿ. ಟೈಮಿದೆ."

ಒಳ್ಳೆಯ ಹುಡುಗಿ, ಐವತ್ತರ ಸುಳ್ಳನ್ನು ಕಂಡರೂ ಕಾಣದವಳ ಹಾಗೆ ಬಿಟ್ಟುಬಿಟ್ಟಳು. ಆದರೆ ಅರವತ್ತಾರನ್ನು ಐವತ್ತೆಂಟು ಮಾಡಿಸಿದರೆ ಪಿಂಚಣಿಯ ಗತಿ? ತಿಂಗಳು ತಿಂಗಳು ಅಂಚೆಯವನು ಬಾಗಿಲಿಗೆ ತಂದುಕೊಡುವ ಆ ಹಣ ದೊಡ್ಡದಲ್ಲ, ಆದರೆ ಯಾರ ನೆಲವನ್ನೂ ಗುಡಿಸದೆ ಬರುತ್ತಿದ್ದದ್ದು ಅದೊಂದೇ. ಕಡಲೋ ಪಿಂಚಣಿಯೋ ಎಂದು ಎರಡು ದಿನ ತೂಗಿದೆ. ಮೂರನೆಯ ದಿನ "ಆಗಾಕಿಲ್ಲ ಮೇಡಂ" ಎಂದೆ. ಮೇಡಂ ಪಟ್ಟಿಯಲ್ಲಿ ಗೌರವ್ವನ ಹೆಸರು ಬರೆದುಕೊಂಡಳು.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಕಂಡುಕೊಂಡದ್ದೊಂದನ್ನು ಇಲ್ಲಿ ಹೇಳಬೇಕು. ನಮ್ಮೂರ ಜಮೀನಿನ ಬೆಲೆಯಷ್ಟು ಸಂಬಳ ಎಣಿಸುವ ಆ ಗಾಜಿನ ಮನೆಯ ಮಕ್ಕಳನ್ನು ಕಂಡು ನನಗೆ ಒಂದು ದಿನವೂ ಹೊಟ್ಟೆ ಉರಿದಿಲ್ಲ. ಅವರ ಸೈಕಲ್ಲು ಒಂದೇ ಬೆರಳಿಗೆ ಎತ್ತಲು ಬರುತ್ತದೆಂದು ಕೇಳಿದಾಗಲೂ ಸಂತೋಷವೇ ಪಟ್ಟೆ. ಈ ಕಿಚ್ಚು ದೂರದ ಸೌದೆಗೆ ಹತ್ತುವುದಿಲ್ಲ. ನಿಮ್ಮದೇ ನಲ್ಲಿಯಲ್ಲಿ ಕೊಡ ಇಟ್ಟವಳು, ನಿಮ್ಮದೇ ಸೈಕಲ್ಲಿನ ಮೇಲಿಂದ ನಿಮ್ಮೆದುರಿಗೇ ಬಿದ್ದವಳು, ಅಂಥವಳು ಒಂದು ಮೊಳ ಎದ್ದು ನಿಂತಳೆಂದರೆ ಸಾಕು, ಊದುಕೊಳವೆ ಬೇಡ, ಎಣ್ಣೆ ಬೇಡ, ತಾನಾಗಿ ಉರಿಯುತ್ತದೆ.

ಗೌರವ್ವನಿಗೆ ಗೇರಿನ ಸೈಕಲ್ಲು ಕೊಟ್ಟರು, ಹೆಲ್ಮೆಟ್ಟು ಕೊಟ್ಟರು, ಬೆರಳಿಲ್ಲದ ಕೈಗವಸು ಕೊಟ್ಟರು. ಭಾನುವಾರವೆಲ್ಲ ಅವಳನ್ನು ಮಾಲೂರು ರಸ್ತೆಯಲ್ಲಿ ಅಭ್ಯಾಸಕ್ಕೆ ಕರೆದೊಯ್ದರು. ಜೊತೆಯ ಕೆಲಸದವರು ಕಾಫಿ ಹೊತ್ತಿನಲ್ಲಿ ನನ್ನ ಕಿವಿಗೆ ಬೀಳುವಂತೆ, "ಮುನಿಯಕ್ಕ, ಶಿಷ್ಯೆ ಗುರೂನ ಮೀರ್ಸ್ಬುಟ್ಳು ಬಿಡಿ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿನಲ್ಲಿ ಹಾಲು ಇಟ್ಟಿದ್ದರೆ ಒಡೆದುಹೋಗುತ್ತಿತ್ತು. ಒಂದು ಬೆಳಿಗ್ಗೆ ಅವಳು ಅಭ್ಯಾಸ ಮುಗಿಸಿ ಬೆವರು ಸುರಿಸುತ್ತ ಬಂದು ನಲ್ಲಿ ತಿರುಗಿಸುವಾಗ ನಾನು ಒಳಗೆ ಹೋಗಿ ಮೋಟಾರು ಆರಿಸಿದೆ. ಕರೆಂಟು ಹೋಯಿತೆಂದು ಒಳಗಿನಿಂದಲೇ ಕೂಗಿ ಹೇಳಿದೆ. ನಮ್ಮ ಮನೆಯ ಫ್ಯಾನು ತಿರುಗುತ್ತಿದ್ದುದು ಕಿಟಕಿಯಿಂದ ಕಾಣಿಸುತ್ತಿತ್ತೆಂಬುದು ಆಮೇಲೆ ಹೊಳೆಯಿತು.

ಹೊರಡುವ ಎರಡು ದಿನ ಮೊದಲು ಅವಳು ನನ್ನ ಬಾಗಿಲಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತಳು.

"ಅಕ್ಕಾರ, ಹುಡುಗೂರು ಸೀಟ್ ಮ್ಯಾಲ ಏರಸ್ಬೇಕಂತಾರ. ನಾ ಬ್ಯಾಡ ಅಂದೀನಿ, ನಮ್ಮಕ್ಕಾರು ಕಾಲು ನೆಲಕ್ಕ ಹತ್ತಬೇಕಂತ ಹೇಳ್ಯಾರ ಅಂದೆ. ಖರೇನ್ರಿ?"

ಖರೆಯಲ್ಲ. ಕಾಡುಗೋಡಿಯಿಂದ ಕಂಪನಿಯ ಗೇಟಿನವರೆಗೆ ಖರೆ, ಕಾರವಾರದವರೆಗೆ ಖರೆಯಲ್ಲ. ಹೊಸಕೋಟೆ ಸಂತೆಗೆ ಹೋಗುತ್ತಿದ್ದ ಕಾಲದಲ್ಲಿ ತಗ್ಗಿದ ಸೀಟಿನ ಮೇಲೆ ತುಳಿದು ತುಳಿದು ನನ್ನ ಮಂಡಿಗಳು ಬೂದುಗುಂಬಳದ ಹಾಗೆ ಊದಿದ್ದವು. ಸೈಕಲ್ ಅಂಗಡಿಯ ಸಾಬರು ನೋಡಿ, "ನಾಲ್ಕು ಬೆರಳು ಎತ್ತರಿಸು ಅಮ್ಮಾ, ಕಾಲು ಚಾಚ್ಬೇಕು, ಮಡಚ್ಬಾರ್ದು" ಎಂದು ಸೀಟು ಏರಿಸಿಕೊಟ್ಟ ಮೇಲೆಯೇ ನಾನು ಬದುಕಿದ್ದು. ಇದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಎಲೆಯಡಿಕೆ ಜೊತೆಗೆ ಅದನ್ನೂ ಅಗಿದು ನುಂಗಿ, "ನಿನ್ನಿಷ್ಟ ಕಣೇ" ಎಂದೆ.

ರೇಣುಕಾಳನ್ನು ನನ್ನ ಮನೆಯಲ್ಲಿ ಬಿಟ್ಟು ಗೌರವ್ವ ಹೊರಟಳು. ದಿನಾ ಸಾಯಂಕಾಲ ಹುಡುಗಿ ಫೋನಿನಲ್ಲಿ ಚಿತ್ರ ತೋರಿಸುತ್ತಿದ್ದಳು, ನಾನು ಕನ್ನಡಕ ಹಾಕಿಕೊಂಡು ನನ್ನ ಶಿಕ್ಷೆಯನ್ನು ನೋಡುತ್ತಿದ್ದೆ. ತುಮಕೂರಿನ ಹತ್ತಿರ ಗೌರವ್ವ ಎಳನೀರು ಕುಡಿಯುತ್ತಿದ್ದಳು. ಚಿತ್ರದುರ್ಗದ ಹತ್ತಿರ ಗಾಳಿಯಂತ್ರಗಳ ಕೆಳಗೆ ಹಲ್ಲು ಕಿರಿದಿದ್ದಳು. ಯಾರೋ ಮಕ್ಕಳು ಅವಳ ಕೊರಳಿಗೆ ಸೇವಂತಿಗೆ ಹಾರ ಹಾಕಿದ್ದರು. "ನಿಮ್ಮವ್ವ ಕರ್ರಗಾಗವ್ಳೆ" ಎಂದೆ. ಹುಡುಗಿ, "ಆದ್ರೂ ಚಂದ ಕಾಣ್ತಾಳ ಅಲ್ರಿ?" ಎಂದಳು. ಚೆಂದವೇ ಕಾಣುತ್ತಿದ್ದಳು, ಹಾಳಾದವಳು.

ನಾಲ್ಕನೆಯ ದಿನ ಚಿತ್ರ ಬರಲಿಲ್ಲ, ಫೋನು ಬಂತು. ಹುಡುಗಿ ಕೇಳಿ ಮುಖ ಸಣ್ಣದು ಮಾಡಿ ನನ್ನ ಕೈಗೆ ಕೊಟ್ಟಳು. ಹಾವೇರಿಯಿಂದ ಗೌರವ್ವ ಅಳುತ್ತಿದ್ದಳು.

"ಮಣಕಾಲ ಬಾತಾವ್ರಿ ಅಕ್ಕಾರ. ಮಧ್ಯಾಹ್ನದಿಂದ ನನ್ನ ವ್ಯಾನಿನಾಗ ಕುಂದ್ರಿಸ್ಯಾರ. ಎಲ್ಲಾರೂ ತುಳ್ಕೋತ ಹೊಂಟಾರ, ನಾ ನೀರಿನ ಬಾಟ್ಲಿ ಜೋಡಿ ಕುಂತೀನಿ. ನಾಳಿ ಬಸ್ಸಿಗಿ ಮನೀಗಿ ಬಂದುಬಿಡ್ಲೇನ್ರಿ?"

ನನಗೆ ಸಂತೋಷವಾಯಿತು. ಬೇರೆ ಹೆಸರು ಅದಕ್ಕಿಲ್ಲ. ಒಂದು ಗಳಿಗೆ, ಬಿಸಿಲಿನಲ್ಲಿ ತಣ್ಣೀರು ಕುಡಿದ ಹಾಗೆ ಎದೆಯಿಂದ ಕೆಳಕ್ಕಿಳಿಯಿತು. "ಬಾ" ಎನ್ನುವ ಒಂದಕ್ಷರ ಸಾಕಾಗಿತ್ತು. ಅವಳು ಬರುತ್ತಿದ್ದಳು, ವಠಾರದವರು ಅಯ್ಯೋ ಪಾಪ ಎನ್ನುತ್ತಿದ್ದರು, ನಾನೂ ಒಂದು ಪಾಪ ಸೇರಿಸಿ ನೆಮ್ಮದಿಯಿಂದಿರುತ್ತಿದ್ದೆ. ಆದರೆ ಎದುರಿಗೆ ಆ ಹುಡುಗಿ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಅದಲ್ಲದೆ ಇನ್ನೊಂದು ಯೋಚನೆಯೂ ಬಂತು, ಅದು ಕರುಣೆಯದಲ್ಲ, ಗರ್ವದ್ದು: ಮುನಿಯಮ್ಮ ಕಲಿಸಿದವಳು ಹಾವೇರಿಯಲ್ಲಿ ಕೂತುಬಿಟ್ಟಳು ಎಂದರೆ ಹೋಗುವುದು ಯಾರ ಮರ್ಯಾದೆ?

"ಬಾಯ್ಮುಚ್ಚಿ ಕೇಳು" ಎಂದೆ. "ಇವತ್ತು ಬಿಸಿನೀರು ಕಾಯಿಸ್ಕೊಂಡು ಉಪ್ಪು ಹಾಕಿ ಶಾಖ ಕೊಡು. ಬೆಳಿಗ್ಗೆ ಆ ಹುಡುಗ್ರಿಗೆ ಹೇಳಿ ಸೀಟು ನಾಲ್ಕು ಬೆರಳು ಎತ್ತರಿಸು. ಕಾಲು ನೆಲಕ್ಕೆ ಸಿಗಾಕಿಲ್ಲ, ಸಿಗದೇ ಓಗ್ಲಿ. ನಿಲ್ಲಿಸ್ವಾಗ ಒಂದು ಕಡೀಕೆ ವಾಲು, ಬೆರಳು ತುದಿ ಊರು. ಮಂಡಿ ತಡೀತದೆ ಅನ್ಸಿದ್ರೆ ಸೈಕಲ್ ಅತ್ತು, ಇಲ್ದಿದ್ರೆ ವ್ಯಾನಿನಾಗೇ ಕಡಲಿನ ಗಂಟ ಓಗು. ಮನೀಗೆ ಮಾತ್ರ ಬರಬ್ಯಾಡ."

"ಇದನ್ನ ಮದಲ ಯಾಕ ಹೇಳ್ಲಿಲ್ರಿ?"

"ಒಟ್ಟೆಉರಿ ಕಣೇ. ಅದಕ್ಕೇಯ."

ಆ ಕಡೆ ಅವಳು ಮೂಗು ಸೀನಿ ನಕ್ಕಳು. "ನಂಗ ಗೊತ್ತಿತ್ರಿ. ಕರೆಂಟ್ ಹೋಗೇತಿ ಅಂದ್ರಿ, ನಿಮ್ಮ ಫ್ಯಾನ್ ಗರಗರ ತಿರಗಾಕತ್ತಿತ್ತು."

ಐದನೆಯ ದಿನ ಅವಳು ಅರ್ಧ ದಾರಿ ತುಳಿದಳು. ಆರನೆಯ ದಿನ ಘಟ್ಟ ಇಳಿದು ಪೂರ್ತಿ ತುಳಿದಳು. ಸಾಯಂಕಾಲ ಬಂದ ಚಿತ್ರದಲ್ಲಿ ಸೈಕಲ್ಲನ್ನು ತಲೆಯ ಮೇಲೆತ್ತಿಕೊಂಡು ಮಂಡಿಯುದ್ದ ಕಡಲಿನಲ್ಲಿ ನಿಂತಿದ್ದಳು. ಉಪಕಾರ ಮಾಡಿದ ಮೇಲೆ ಹೊಟ್ಟೆಕಿಚ್ಚು ಆರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸೀಟು ಏರಿಸಲು ಹೇಳಿದ ದಿನಕ್ಕಿಂತ ಆ ದಿನ ನನಗೆ ಹೆಚ್ಚು ಉರಿಯಿತು. ಕಡಲು ಅವಳ ಹಿಂದೆ ಅಷ್ಟು ಅಗಲಕ್ಕೆ ಬಿದ್ದುಕೊಂಡಿತ್ತು, ಯಾರ ಕಾರ್ಡನ್ನೂ ಕೇಳದೆ.

ಅವಳು ಹಿಂತಿರುಗಿದ ದಿನ ಕಂಪನಿಯವರು ಅಂಗಳದಲ್ಲಿ ಸಭೆ ಮಾಡಿ ಶಾಲು ಹೊದಿಸಿದರು. ಮೈಕು ಕೈಗೆ ಬಂದಾಗ ಗೌರವ್ವ ನನ್ನ ಕಡೆ ಬೆರಳು ಮಾಡಿ, "ನಂಗ ಕಲಿಸಿದಾಕಿ ಅಕಿ. ಬರೂ ವರ್ಷ ಅಕಿನ್ನ ಕರ್ಕೊಂಡು ಹೋಗ್ರಿ" ಎಂದಳು. ಜನ ಚಪ್ಪಾಳೆ ತಟ್ಟಿದರು. ಪ್ರೀತಿ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ, "ಬರೋ ವರ್ಷ ನಿಮಗೆ ಅರವತ್ತೇಳಾಗುತ್ತೆ ಮುನಿಯಮ್ಮ" ಎಂದು ನಕ್ಕಳು. ನಾನು ನಗಲಿಲ್ಲ.

ಮನೆಗೆ ಬಂದು ಡಬ್ಬಿ ತೆಗೆದೆ. ಸತ್ಯದ ಮೇಲೆ ನನಗೆ ಎಂದೂ ಅಂಥ ಮೋಹವಿರಲಿಲ್ಲ, ಆ ದಿನವೂ ಬರಲಿಲ್ಲ. ಒಳ್ಳೆಯತನ ಮಾಡಿಸಲಾಗದ ಕೆಲವು ಕೆಲಸಗಳನ್ನು ಹೊಟ್ಟೆಕಿಚ್ಚು ಮಾಡಿಸುತ್ತದೆ ಅಷ್ಟೆ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ರಜೆ ಹೇಳಿ, ಸೈಕಲ್ ತುಳಿದುಕೊಂಡು ನಾಡಕಚೇರಿಗೆ ಹೋಗಿ, ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ಮೊದಲನೆಯವಳಾಗಿ ನಿಂತೆ. ಗುಮಾಸ್ತ ಕುರ್ಚಿಗೆ ಕೂತು, ನನ್ನ ಕಾರ್ಡು ನೋಡಿ, "ಏನಜ್ಜಿ, ಪಿಂಚಣಿ ಬರ್ತಿಲ್ವಾ?" ಎಂದ.

"ಬರ್ತಾ ಐತೆ" ಎಂದೆ. "ನಿಲ್ಸು."